ಎಳೆಮೈಗೆ ಎಣ್ಣೆ, ನೀರು, ಗಾಳಿ

ಹೆರಿಗೆ ಕೋಣೆಯಿಂದ ನರ್ಸಮ್ಮ ಕೂಸನ್ನು ಬಟ್ಟೆಯಲ್ಲಿ ಸುತ್ತಿ ಹೊರಗೆ ತಂದಾಗ ಅಜ್ಜಿಯ ಕಣ್ಣು ಮೊದಲು ಬೀಳುವುದು ಕಿವಿಯ ಹಿಂದೆ, ಕಂಕುಳಲ್ಲಿ, ತೊಡೆಸಂದಿಯಲ್ಲಿ ಮೆತ್ತಿಕೊಂಡಿರುವ ಬಿಳಿ ಜಿಡ್ಡಿನ ಮೇಲೆ. “ಇದೇನಮ್ಮ, ಮಗೂಗೆ ಇನ್ನೂ ನೀರೇ ಹಾಕಿಲ್ವಲ್ಲ” ಎಂದು ಆಕೆ ಕೇಳುವುದು ಸಹಜ. ಆದರೆ ಆ ಜಿಡ್ಡನ್ನು ಕೊಳೆ ಎಂದು ತಿಳಿಯಬಾರದು. ತಿಂಗಳುಗಟ್ಟಲೆ ನೀರಿನೊಳಗೇ ಬೆಳೆದ ಮಗುವಿನ ಮೈ ನೆನೆದು ಹಾಳಾಗದಿರಲೆಂದು ಗರ್ಭದಲ್ಲೇ ತಯಾರಾದ ಲೇಪ ಅದು. ವೈದ್ಯರು ಅದಕ್ಕೆ ವರ್ನಿಕ್ಸ್ ಎನ್ನುತ್ತಾರೆ. ಅದರಲ್ಲಿ ಹತ್ತರಲ್ಲಿ ಎಂಟು ಪಾಲು ನೀರು, ಉಳಿದದ್ದು ಕೊಬ್ಬು ಮತ್ತು ಪ್ರೋಟೀನು. ರೋಗಾಣುಗಳನ್ನು ತಡೆಯುವ ಅಂಶಗಳೂ ಅದರಲ್ಲಿವೆ. ಮೈಮೇಲಿನ ರಕ್ತವನ್ನು ಮೆತ್ತನೆಯ ಒಣಬಟ್ಟೆಯಲ್ಲಿ ಒರೆಸಿ, ಬಿಳಿ ಲೇಪವನ್ನು ಹಾಗೇ ಬಿಟ್ಟರೆ ಒಂದೆರಡು ದಿನದಲ್ಲಿ ತಾನಾಗಿ ಮೈಗೆ ಇಳಿದುಹೋಗುತ್ತದೆ.

ಮೊದಲ ಸ್ನಾನ ಹುಟ್ಟಿದ 24 ಗಂಟೆ ಕಳೆದ ಮೇಲೆ ಆಗಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದಕ್ಕೆ ಇದೊಂದು ಕಾರಣ. ಇನ್ನೊಂದು, ಒದ್ದೆಮೈಯ ಮಗು ಬಹಳ ಬೇಗ ತಣ್ಣಗಾಗುತ್ತದೆ. ನಮಗೆ ಸೆಕೆ ಎನಿಸುವ ಕೋಣೆಯಲ್ಲೂ ಅದರ ಅಂಗಾಲು ಐಸಿನಂತಾಗಬಹುದು. ತಣ್ಣಗಾದ ಮಗು ಹಾಲು ಚೀಪಲು ಸೋಲುತ್ತದೆ.

ದೊಡ್ಡವರ ಚರ್ಮವನ್ನೇ ಸಣ್ಣದು ಮಾಡಿ ಹೊದಿಸಿದ ಹಾಗೆ ಮಗುವಿನ ಚರ್ಮ ಇರುವುದಿಲ್ಲ. ಅದರ ತೀರ ಹೊರಗಿನ ಪದರ ನಮ್ಮದಕ್ಕಿಂತ ಸುಮಾರು ಶೇ. 30ರಷ್ಟು ತೆಳು. ನಮ್ಮ ಚರ್ಮದ ಮೇಲ್ಮೈಯಲ್ಲಿ ತುಸು ಹುಳಿ ಗುಣವಿದೆ. ಕ್ರಿಮಿಗಳನ್ನು ದೂರವಿಡುವುದು ಆ ಹುಳಿಯೇ. ಹುಟ್ಟಿದ ಮಗುವಿನ ಮೈಯಲ್ಲಿ ಅದು ಇನ್ನೂ ಕೂಡಿರುವುದಿಲ್ಲ, ಮುಂದಿನ ವಾರಗಳಲ್ಲಿ ನಿಧಾನಕ್ಕೆ ಕೂಡುತ್ತದೆ. ಇನ್ನು ತೂಕದ ಲೆಕ್ಕದಲ್ಲಿ ನೋಡಿದರೆ ಮಗುವಿಗೆ ನಮಗಿಂತ ಎರಡು ಪಟ್ಟಿಗೂ ಹೆಚ್ಚು ಚರ್ಮವಿದೆ. ಹಚ್ಚಿದ್ದು ಒಳಗೆ ಹೋಗಲು ದಾರಿಯೂ ಸುಲಭ, ಹೋಗುವ ಪ್ರಮಾಣವೂ ಹೆಚ್ಚು.

ಇದಕ್ಕೆ ಲೋಕ ಕಂಡ ನೋವಿನ ಪುರಾವೆ 1972ರ ಫ್ರಾನ್ಸಿನದು. ಮಕ್ಕಳಿಗೆ ಹಾಕುವ ಒಂದು ಪೌಡರಿನಲ್ಲಿ ಹೆಕ್ಸಾಕ್ಲೋರೊಫೀನ್ ಎಂಬ ಕ್ರಿಮಿನಾಶಕ ತಪ್ಪಿನಿಂದ ಶೇ. 6ರಷ್ಟು ಬೆರೆತುಹೋಗಿತ್ತು. ಯಾರೂ ಅದನ್ನು ಮಕ್ಕಳ ಬಾಯಿಗೆ ಹಾಕಲಿಲ್ಲ. ತಾಯಂದಿರು ಎಂದಿನಂತೆ ಮೈಗೆ ಹಚ್ಚಿದರು, ಅಷ್ಟೇ. ಇನ್ನೂರಕ್ಕೂ ಹೆಚ್ಚು ಮಕ್ಕಳು ಕಾಯಿಲೆ ಬಿದ್ದರು, 36 ಮಕ್ಕಳು ತೀರಿಕೊಂಡರು. ಚರ್ಮದ ಮೂಲಕ ಒಳಗಿಳಿದ ಆ ವಸ್ತು ನೇರ ಮಿದುಳನ್ನು ಮುಟ್ಟಿತ್ತು. “ಮೇಲೆ ತಾನೇ ಹಚ್ಚೋದು, ಏನಾಗುತ್ತೆ” ಎಂಬ ಮಾತು ಕೇಳಿದಾಗಲೆಲ್ಲ ನನಗೆ ಆ ಮಕ್ಕಳ ನೆನಪಾಗುತ್ತದೆ.

ಈಗ ನಮ್ಮ ಬಚ್ಚಲುಮನೆಗೆ ಬರೋಣ. ಮಗುವಿಗೆ ಎರೆಯುವುದು ನಮ್ಮಲ್ಲಿ ಒಂದು ವಿದ್ಯೆ. ಮಣೆಯ ಮೇಲೆ ಕಾಲು ನೀಡಿ ಕೂತ ಅಜ್ಜಿ, ಆಕೆಯ ಎರಡು ಕಾಲುಗಳ ನಡುವಿನ ತಗ್ಗಿನಲ್ಲಿ ಬೋರಲಾಗಿ ಮಲಗಿದ ಕೂಸು, ಪಕ್ಕದಲ್ಲಿ ಹಬೆಯಾಡುವ ಹಂಡೆ. ಈ ಭಂಗಿಯಲ್ಲಿ ಮಗು ಜಾರುವುದಿಲ್ಲ. ಅಜ್ಜಿಯ ಕೈಗೆ ಅದರ ಮೈಯ ಒಂದೊಂದು ಮಡಿಕೆಯೂ ಸಿಗುತ್ತದೆ. ಉಳಿಸಿಕೊಳ್ಳಬೇಕಾದದ್ದು ಆ ಕೈ. ಬದಲಾಗಬೇಕಾದದ್ದು ನೀರಿನ ಕಾವು, ತಿಕ್ಕುವ ರಭಸ ಮತ್ತು ಹಂಡೆಯ ಪಕ್ಕ ಸಾಲಾಗಿ ಇಟ್ಟ ಬಟ್ಟಲುಗಳು.

ದುಡಿದು ಒರಟಾದ ಅಂಗೈಗೆ ಹದವೆನಿಸುವ ನೀರು ಮಗುವಿಗೆ ಸುಡುನೀರು. ಮೊಣಕೈಯನ್ನೋ ಮುಂಗೈಯ ಒಳಬದಿಯನ್ನೋ ಅದ್ದಿ ನೋಡಿ: ಬಿಸಿಯೂ ಎನಿಸಬಾರದು, ತಣ್ಣಗೂ ಎನಿಸಬಾರದು. ಮೈಯ ಕಾವಿನಷ್ಟೇ, ಅಂದರೆ 37 ಡಿಗ್ರಿಯ ಆಸುಪಾಸು. ಮೊದಲು ತಣ್ಣೀರು ಹಾಕಿ, ಅದಕ್ಕೆ ಬಿಸಿನೀರು ಬೆರೆಸುವುದನ್ನು ರೂಢಿ ಮಾಡಿಕೊಳ್ಳಿ. ಐದರಿಂದ ಹತ್ತು ನಿಮಿಷ ಧಾರಾಳವಾಯಿತು. ಹೊಕ್ಕುಳ ಬಳ್ಳಿ ಉದುರುವವರೆಗೆ ಒದ್ದೆ ಬಟ್ಟೆಯಲ್ಲಿ ಒರೆಸಿದರೂ ನಡೆಯುತ್ತದೆ. ದಿನವೂ ಸ್ನಾನ ಆಗಲೇಬೇಕೆಂದಿಲ್ಲ. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ದಿನಾ ಎರೆದರೂ ತಪ್ಪಿಲ್ಲ; ಮಡಿಕೇರಿಯ ಮಳೆಗಾಲದಲ್ಲಿ ವಾರಕ್ಕೆ ಎರಡು ಮೂರು ಸಲ ಎರೆದರೂ ಮಗುವಿಗೆ ಏನೂ ಕಡಿಮೆಯಾಗದು.

ಸ್ನಾನದಲ್ಲಿ ಎಲ್ಲಕ್ಕಿಂತ ಹೆಚ್ಚು ಗಮನ ಬೇಡುವ ಜಾಗ ಕತ್ತು. ಎರಡು ತಿಂಗಳ ಗುಂಡು ಕೂಸಿನ ಗಲ್ಲವನ್ನು ಒಂದು ಬೆರಳಿನಿಂದ ಮೆಲ್ಲಗೆ ಎತ್ತಿ ನೋಡಿ. ಅಲ್ಲಿ ದಾರ ಕಟ್ಟಿದ ಹಾಗೆ ಒಂದು ಗೆರೆ, ಅದರೊಳಗೆ ಮೊಸರಿನಂಥ ಬಿಳಿ ಪುಡಿ, ತುಸು ಹುಳಿ ವಾಸನೆ. ಬಾಯಿಂದ ಇಳಿದ ಹಾಲು, ಬೆವರು, ನಿನ್ನೆಯ ಪೌಡರು ಮೂರೂ ಸೇರಿ ಅಲ್ಲಿ ಕುಳಿತಿರುತ್ತವೆ. ಎರಡು ದಿನ ಬಿಟ್ಟರೆ ಆ ಗೆರೆ ಕೆಂಪಾಗಿ ಸಿಬರೆದ್ದು, ಮುಟ್ಟಿದರೆ ಮಗು ಚೀರುತ್ತದೆ. ಬೆಚ್ಚನೆ ನೀರಲ್ಲಿ ಅದ್ದಿದ ಹತ್ತಿಯಿಂದ ಒತ್ತಿ ತೆಗೆದು, ಒಣಬಟ್ಟೆಯನ್ನು ಮಡಿಕೆಯೊಳಗೆ ಒತ್ತಿ ಹಿಡಿದು ತೇವ ತೆಗೆಯಿರಿ. ಉಜ್ಜಬೇಡಿ. ಕಿವಿಯ ಹಿಂದೆ, ಮುಚ್ಚಿದ ಮುಷ್ಟಿಯೊಳಗೆ, ತೊಡೆಯ ಗೆರೆಗಳಲ್ಲಿಯೂ ಹೀಗೆಯೇ.

ಬಟ್ಟೆ ಒಗೆಯುವ ಸೋಪಂತೂ ಬೇಡವೇ ಬೇಡ. ನಾವು ಮೈಗೆ ಹಚ್ಚುವ ಸೋಪೂ ಕ್ಷಾರ ಗುಣದ್ದೇ. ಈಗಷ್ಟೇ ಕೂಡುತ್ತಿರುವ ಹುಳಿಯನ್ನು ಅದು ತೊಳೆದುಹಾಕುತ್ತದೆ. ಮೊದಲ ತಿಂಗಳು ಬರಿನೀರು ಸಾಕು. ಆಮೇಲೆ ಬೇಕೆನಿಸಿದರೆ ಮಕ್ಕಳಿಗೆಂದೇ ಮಾಡಿದ, ಸುವಾಸನೆ ಇಲ್ಲದ, ಸೌಮ್ಯ ಕ್ಲೆನ್ಸರ್ ಒಂದಿಷ್ಟು. ಸೋಪಿಗಿಂತ ಕಡಲೆಹಿಟ್ಟು, ಹೆಸರುಹಿಟ್ಟು ಒಳ್ಳೆಯದೆಂಬ ನಂಬಿಕೆ ನಮ್ಮಲ್ಲಿದೆ. ಹಿಟ್ಟು ಎಷ್ಟೇ ನುಣ್ಣಗಿದ್ದರೂ ಎಳೆಮೈಗೆ ಅದು ಮರಳುಕಾಗದವಿದ್ದಂತೆ. ಹಿಟ್ಟಿನ ಉಂಡೆ ಉರುಳಿಸಿ ಬೆನ್ನಿನ ನವಿರು ಕೂದಲು ತೆಗೆಯುವ ಪದ್ಧತಿಯಿಂದ ಕೂದಲ ಬುಡಗಳು ಕೀತು ಗುಳ್ಳೆಯಾಗುತ್ತವೆ. ಆ ಕೂದಲು ಕೆಲವು ವಾರಗಳಲ್ಲಿ ತಾನೇ ಉದುರುತ್ತದೆ. ಬಣ್ಣ ಬರಲೆಂದು ಹಚ್ಚುವ ಕೆನೆ, ಕೇಸರಿಯಿಂದ ಬಣ್ಣ ಬದಲಾಗದು. ಮಗುವಿನ ಬಣ್ಣ ಅಪ್ಪ ಅಮ್ಮ ಕೊಟ್ಟದ್ದು, ಅದರಲ್ಲಿ ತಿದ್ದುವಂಥದ್ದು ಏನೂ ಇಲ್ಲ.

ಮೈಗೆ ಅರಿಸಿನ ಹಚ್ಚುವುದರಲ್ಲಿ ಬೇರೆಯದೇ ಅಪಾಯವಿದೆ, ಹೆಚ್ಚಿನವರು ಅದನ್ನು ಗಮನಿಸುವುದಿಲ್ಲ. ಹುಟ್ಟಿದ ಮೊದಲ ವಾರದಲ್ಲಿ ಬಹಳ ಮಕ್ಕಳಿಗೆ ಕಾಮಾಲೆ ಕಾಣಿಸಿಕೊಳ್ಳುತ್ತದೆ. ಅದನ್ನು ಗುರುತಿಸುವುದು ಚರ್ಮ ನೋಡಿಯೇ: ಹಗಲು ಬೆಳಕಿನಲ್ಲಿ ಹಣೆ ಅಥವಾ ಎದೆಯನ್ನು ಬೆರಳಿಂದ ಒತ್ತಿ ಬಿಟ್ಟರೆ ಆ ಜಾಗ ಹಳದಿಯಾಗಿ ಕಾಣುತ್ತದೆ. ಮೈಗೆಲ್ಲ ಅರಿಸಿನ ಹಚ್ಚಿದ ಮಗುವಿನಲ್ಲಿ ಇದನ್ನು ಯಾರು ಕಂಡುಹಿಡಿಯಬೇಕು? ಹುಟ್ಟಿದ ದಿನವೇ ಹಳದಿ ಕಂಡರೆ, ಇಲ್ಲವೇ ಅಂಗೈ ಅಂಗಾಲಿಗೆ ಹಳದಿ ಇಳಿದಿದ್ದರೆ ತಡಮಾಡುವಂತಿಲ್ಲ. ಎಳೆಬಿಸಿಲು ಕಾಯಿಸುತ್ತ ದಿನ ನೂಕಬಾರದು.

ಎಣ್ಣೆಯ ಬಗ್ಗೆ ನನಗೆ ಒಲವಿದೆ, ಅದನ್ನು ಮುಚ್ಚಿಡುವುದಿಲ್ಲ. ಹಗುರ ಕೈಯಿಂದ ಎಣ್ಣೆ ಸವರಿಸಿಕೊಂಡ ಮಗು ಕಣ್ಣರಳಿಸಿ ನೋಡುತ್ತ, ಆಮೇಲೆ ನಿದ್ದೆ ಹೋಗುವುದನ್ನು ಕಂಡವರು ಎಣ್ಣೆ ಬೇಡ ಎನ್ನಲಾರರು. ನಮ್ಮ ಕೊಬ್ಬರಿ ಎಣ್ಣೆ ಒಳ್ಳೆಯ ಆಯ್ಕೆ. ಸೂರ್ಯಕಾಂತಿ ಎಣ್ಣೆಯೂ ಆದೀತು. ಉತ್ತರ ಭಾರತದ ಕಡೆ ರೂಢಿಯಲ್ಲಿರುವ ಸಾಸಿವೆ ಎಣ್ಣೆ ಚರ್ಮವನ್ನು ಕೆರಳಿಸುತ್ತದೆ. ದಿಲ್ಲಿ, ಕೋಲ್ಕತ್ತದಲ್ಲಿ ನೆಲೆಸಿದ ಕನ್ನಡದ ತಾಯಂದಿರು ನೆರೆಮನೆಯ ಸಲಹೆಗಿಂತ ಊರಿನ ಕೊಬ್ಬರಿ ಎಣ್ಣೆಯನ್ನೇ ನೆಚ್ಚಿಕೊಳ್ಳಲಿ. ದುಬಾರಿ ಆಲಿವ್ ಎಣ್ಣೆಯೂ ಚರ್ಮದ ತಡೆಗೋಡೆಯನ್ನು ಸಡಿಲಿಸುವಂಥದ್ದೇ. ಎಣ್ಣೆಗೆ ಕರ್ಪೂರ ಬೆರೆಸುವ ಅಭ್ಯಾಸವಿದ್ದರೆ ಇಂದೇ ಬಿಡಿ. ಕರ್ಪೂರ ಮೈಗೆ ಇಳಿದರೆ ಎಳೆಮಗುವಿಗೆ ಫಿಟ್ಸ್ ಬರಬಹುದು. ಮೂಗು, ಕಿವಿಗೆ ಎಣ್ಣೆ ಬಿಡುವುದಂತೂ ಸಲ್ಲದು. ಮೂಗಿನ ಎಣ್ಣೆ ಶ್ವಾಸಕೋಶಕ್ಕಿಳಿದು ನ್ಯುಮೋನಿಯಾ ಆದ ಮಕ್ಕಳಿದ್ದಾರೆ. ಬೇಸಿಗೆಯಲ್ಲಿ ಎಣ್ಣೆ ಸ್ನಾನದ ಮೊದಲೇ ಇರಲಿ, ಆಮೇಲೆ ಬೇಡ. ಬೆವರಿನ ರಂಧ್ರ ಕಟ್ಟಿಕೊಂಡರೆ ಬೆವರುಸಾಲೆ ಏಳುತ್ತದೆ.

ಬೆವರುಸಾಲೆಗೆ ಪೌಡರು ಹಾಕುವುದು ಉಪಾಯವಲ್ಲ. ಪೌಡರು ಮಡಿಕೆಯಲ್ಲಿ ಕೆಸರಾಗುತ್ತದೆ, ಗಾಳಿಯಲ್ಲಿ ಹಾರಿದ್ದು ಮಗುವಿನ ಉಸಿರಿಗೆ ಸೇರುತ್ತದೆ. ಉಲ್ಲನ್ ಟೋಪಿ, ಮೇಲೆ ಕುಲಾವಿ, ಅದರ ಮೇಲೆ ಕಂಬಳಿ ಸುತ್ತಿದ ಕೂಸಿಗೆ ಬೇಕಾಗಿರುವುದು ಗಾಳಿ. ನೀವು ಎಷ್ಟು ಬಟ್ಟೆ ತೊಟ್ಟಿದ್ದೀರೋ ಅದಕ್ಕಿಂತ ಒಂದು ಪದರ ಹೆಚ್ಚಿದ್ದರೆ ಸಾಕು, ಸೆಕೆಗಾಲದಲ್ಲಿ ಅದೂ ಬೇಡ. ಸಾಂಬ್ರಾಣಿ ಹೊಗೆಯಿಂದ ಮೈ ಒಣಗಿಸುವ ಬದಲು ಒಗೆದ ಹಳೆಯ ಪಂಚೆಯಿಂದ ಒರೆಸಿ. ಕೆಂಡದ ತಟ್ಟೆ ಬಾಣಂತಿ ಕೋಣೆಗೆ ಬಾರದಿರಲಿ. ಕಾಡಿಗೆ ಕಣ್ಣಿಗೆ ಬೇಡ. ದೃಷ್ಟಿಬೊಟ್ಟು ಇಡಲೇಬೇಕೆಂದರೆ ಅಂಗಾಲಿಗೆ ಇಡಿ, ದೃಷ್ಟಿಯೂ ತಾಗದು, ಕಣ್ಣೂ ಉಳಿಯುತ್ತದೆ.

ಹೊಕ್ಕುಳಿಗೆ ಏನನ್ನೂ ಹಚ್ಚದಿರುವುದೇ ಆರೈಕೆ. ಬೂದಿ, ಸಗಣಿ, ಎಣ್ಣೆ, ಅರಿಸಿನ ಯಾವುದೂ ಬೇಡ. ಒಂದೆರಡು ವಾರದಲ್ಲಿ ಅದು ಒಣಗಿ ಉದುರುತ್ತದೆ. ಹೊಕ್ಕುಳಿನಿಂದ ಏರುತ್ತಿದ್ದ ಧನುರ್ವಾಯು ಒಂದು ಕಾಲಕ್ಕೆ ಸಾವಿರಾರು ತೊಟ್ಟಿಲುಗಳನ್ನು ಬರಿದು ಮಾಡಿದೆ. ತಾಯಂದಿರಿಗೆ ಚುಚ್ಚುಮದ್ದು, ಹೆರಿಗೆಗೆ ಸ್ವಚ್ಛ ಬ್ಲೇಡು ಬಂದ ಮೇಲೆ 2015ರಲ್ಲಿ ಭಾರತ ಆ ಪಿಡುಗಿನಿಂದ ಪಾರಾಯಿತು. ಅದನ್ನು ಮತ್ತೆ ಕರೆಯುವುದು ಬೇಡ. ಉತ್ತರ ಕರ್ನಾಟಕದ ಕೆಲವು ಕಡೆ ಹೊಟ್ಟೆ ಉಬ್ಬರಕ್ಕೆ, ಕಾಮಾಲೆಗೆ ಕೂಸಿನ ಹೊಟ್ಟೆಗೆ ಬರೆ ಹಾಕುವುದು ಇನ್ನೂ ನಿಂತಿಲ್ಲ. ಆ ಸುಟ್ಟಗಾಯದಿಂದ ಕಾಯಿಲೆ ಹೋಗದು, ಸೋಂಕು ಮಾತ್ರ ಒಳಹೊಕ್ಕು ಜೀವಕ್ಕೇ ಎರವಾಗಬಹುದು. ಮನೆಯ ಹಿರಿಯರನ್ನು ತಡೆಯುವ ಧೈರ್ಯ ಬಾಣಂತಿಗೆ ಇರಲಾರದು. ಆ ಕೆಲಸ ಗಂಡ ಮಾಡಬೇಕು.

ಡೈಪರ್ ವಿಚಾರಕ್ಕೆ ಬಂದರೆ, ಬಟ್ಟೆಯದೋ ಅಂಗಡಿಯದೋ ಎಂಬ ಜಗಳಕ್ಕಿಂತ ಎಷ್ಟು ಹೊತ್ತಿಗೊಮ್ಮೆ ಬದಲಿಸುತ್ತೀರಿ ಎಂಬುದು ಮುಖ್ಯ. ಉಚ್ಚೆ ಮತ್ತು ಮಲ ಕೂಡಿ ಚರ್ಮವನ್ನು ಕೊರೆಯುತ್ತವೆ. ಮಲವಾದ ಕೂಡಲೇ, ಇಲ್ಲದಿದ್ದರೂ ಎರಡು ಮೂರು ಗಂಟೆಗೊಮ್ಮೆ ಬದಲಿಸಿ. ನೀರು, ಹತ್ತಿಯಿಂದ ಮುಂದಿನಿಂದ ಹಿಂದಕ್ಕೆ ಒರೆಸಿ, ದಿನಕ್ಕೆ ಕೆಲಹೊತ್ತು ಬರಿಮೈಯಲ್ಲಿ ಬಿಡಿ. ಕೆಂಪಾದರೆ ಜಿಂಕ್ ಆಕ್ಸೈಡ್ ಇರುವ ಮುಲಾಮು ದಪ್ಪಗೆ ಹಚ್ಚಿ. ಮೂರು ದಿನಕ್ಕೂ ಇಳಿಯದೆ, ಮಡಿಕೆಯ ಒಳಗೂ ಕಡುಕೆಂಪಾಗಿ ಸುತ್ತ ಸಣ್ಣ ಚುಕ್ಕೆಗಳು ಚೆದುರಿದ್ದರೆ ಅದು ಶಿಲೀಂಧ್ರದ ಸೋಂಕು, ವೈದ್ಯರಿಗೆ ತೋರಿಸಿ. ಔಷಧಿ ಅಂಗಡಿಯವರು “ಎಲ್ಲದಕ್ಕೂ ಆಗುತ್ತೆ” ಎಂದು ಕೊಡುವ ಟ್ಯೂಬುಗಳಲ್ಲಿ ಬಲವಾದ ಸ್ಟೀರಾಯ್ಡ್ ಇರುವುದು ಸಾಮಾನ್ಯ. ಎರಡೇ ದಿನದಲ್ಲಿ ಕೆಂಪು ಮಾಯವಾಗುತ್ತದೆ, ತಾಯಿಗೆ ಸಮಾಧಾನವೂ ಆಗುತ್ತದೆ. ಆದರೆ ಮೇಲೆ ಬಿಗಿಯಾಗಿ ಕಟ್ಟಿದ ಡೈಪರಿನಿಂದಾಗಿ ಆ ಮದ್ದು ಇಮ್ಮಡಿಯಾಗಿ ಒಳಗಿಳಿಯುತ್ತದೆ. ವಾರಗಟ್ಟಲೆ ಹಚ್ಚಿದರೆ ಚರ್ಮ ಕಾಗದದಂತೆ ತೆಳುವಾಗಿ, ಮುಖ ಊದಿ, ಬೆಳವಣಿಗೆಯೇ ಕುಂಠಿತವಾದೀತು.

ಅಕ್ಕನ ಮಗುವಿನ ಅಂಗಿ, ಕುಲಾವಿಗಳನ್ನು ಟ್ರಂಕಿನಿಂದ ತೆಗೆದು ಹೊಸ ಕೂಸಿಗೆ ತೊಡಿಸುವುದು ಚೆಂದದ ಪದ್ಧತಿ. ಹಳೆಯ ಬಟ್ಟೆ ಮೆತ್ತಗೂ ಇರುತ್ತದೆ. ಆದರೆ ಟ್ರಂಕಿನಲ್ಲಿ ನುಸಿಗುಳಿಗೆ ಇಟ್ಟಿದ್ದರೆ ಜೋಕೆ. ಜಿ6ಪಿಡಿ ಎಂಬ ಕಿಣ್ವದ ಕೊರತೆಯೊಂದಿಗೆ ಹುಟ್ಟುವ ಮಕ್ಕಳಿದ್ದಾರೆ, ಹೊರನೋಟಕ್ಕೆ ಅದು ತಿಳಿಯುವುದಿಲ್ಲ. ಅಂಥ ಮಗುವಿಗೆ ಆ ಗುಳಿಗೆಯ ವಾಸನೆ ಕೂತ ಬಟ್ಟೆ ತೊಡಿಸಿದರೂ ಸಾಕು, ರಕ್ತದ ಕೆಂಪುಕಣಗಳು ಒಡೆದು ಕಾಮಾಲೆ ಏರುತ್ತದೆ. ಮಗುವಿನ ಬಟ್ಟೆಯ ಜೊತೆ ಆ ಗುಳಿಗೆ ಇಡಲೇಬೇಡಿ.

ತಿಂಗಳು ತುಂಬುವ ಮುಂಚೆ ಹುಟ್ಟಿದ ಮಗುವಿನದು ಇನ್ನೂ ಸೂಕ್ಷ್ಮ. ಅದರ ಚರ್ಮ ಎಷ್ಟು ಎಳೆಯದೆಂದರೆ ಅಂಟಿಸಿದ ಟೇಪು ಕಿತ್ತರೆ ಚರ್ಮವೇ ಎದ್ದು ಬರುತ್ತದೆ. ಅಂಥ ಮಗುವಿಗೆ ದೊರೆತ ಒಳ್ಳೆಯ ಹೊದಿಕೆ ತಾಯಿಯ ಎದೆ. ಬರಿಮೈಯ ಕೂಸನ್ನು ತಾಯಿಯ ಬರಿ ಎದೆಗೆ ಆನಿಸಿ ಕಟ್ಟುವ ಕಾಂಗರೂ ಆರೈಕೆ 1978ರಲ್ಲಿ ಕೊಲಂಬಿಯಾದ ಬೊಗೋಟಾದಲ್ಲಿ ಶುರುವಾಯಿತು. ನಮ್ಮ ಕೊಪ್ಪಳ ಜಿಲ್ಲೆಯಲ್ಲಿ ಆಸ್ಪತ್ರೆಯಿಂದ ಮನೆಯವರೆಗೂ ಇದನ್ನು ಮುಂದುವರಿಸುವ ಕೆಲಸ ನಡೆದಿದೆ. ತಾಯಿ ದಣಿದಾಗ ಅಪ್ಪನೂ, ಅಜ್ಜಿಯೂ ಎದೆ ಕೊಡಬಹುದು.

ಮಗುವಿನ ಮೈಮೇಲೆ ಕಾಣುವುದೆಲ್ಲ ರೋಗವಲ್ಲ. ಎರಡನೇ ಮೂರನೇ ದಿನ ಏಳುವ ಕೆಂಪು ಕಲೆ, ನಡುವೆ ಪುಟ್ಟ ಹಳದಿ ಚುಕ್ಕೆ. ಮೂಗಿನ ಮೇಲೆ ಸಾಸಿವೆಗಿಂತ ಚಿಕ್ಕ ಬಿಳಿ ಕಾಳು. ಕೈಕಾಲಿನ ಸಿಪ್ಪೆ ಏಳುವುದು. ಸೊಂಟದ ಕೆಳಗಿನ ನೀಲಿ ಮಚ್ಚೆ. ಇವು ತಾವಾಗಿ ಹೋಗುತ್ತವೆ, ನೀಲಿ ಮಚ್ಚೆಗೆ ಮಾತ್ರ ಕೆಲವು ವರ್ಷ ಬೇಕು. ತಲೆಯ ಮೇಲೆ ಹೊಟ್ಟು ಕಟ್ಟಿದರೆ ಎಣ್ಣೆಯಲ್ಲಿ ನೆನೆಸಿ ಮೆತ್ತನೆಯ ಬ್ರಷ್ಷಿನಿಂದ ಬಿಡಿಸಿ, ಉಗುರಿನಿಂದ ಕೀಳಬೇಡಿ.

ಕೀವು ತುಂಬಿದ ಗುಳ್ಳೆ ಹತ್ತು ದಾಟಿದರೆ, ಅಥವಾ ದೊಡ್ಡದೊಂದು ಕುರು ಎದ್ದರೆ, ಹೊಕ್ಕುಳ ಸುತ್ತ ಕೆಂಪಾಗಿ ವಾಸನೆ ಬಂದರೆ, ಮೈಯಲ್ಲಿ ನೀರುಗುಳ್ಳೆ ಎದ್ದರೆ, ಜ್ವರ ಬಂದರೆ, ಮೈ ತಣ್ಣಗಾಗಿ ಮಗು ಹಾಲು ಬಿಟ್ಟರೆ ಅದೇ ಗಂಟೆ ಆಸ್ಪತ್ರೆಗೆ ಹೊರಡಿ; ಗಾಡಿ ಇಲ್ಲದಿದ್ದರೆ 108ಕ್ಕೆ ಕರೆ ಮಾಡಿ. ಆಸ್ಪತ್ರೆಯಲ್ಲಿ ಹೆರಿಗೆಯಾದ ಮನೆಗೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಬರುತ್ತಾರೆ. ಬಂದಾಗ ಮಗು ಮಲಗಿದೆ ಎಂದು ಕಳಿಸಿಬಿಡಬೇಡಿ. ಕಿಟಕಿಯ ಬೆಳಕಿಗೆ ತಂದು, ಸುತ್ತಿದ ಬಟ್ಟೆ ಬಿಚ್ಚಿ, ಗಲ್ಲ ಎತ್ತಿ ಕತ್ತಿನ ಗೆರೆಯಿಂದ ಅಂಗಾಲಿನವರೆಗೆ ತೋರಿಸಿ.