ಜರಡಿಯ ಮೇಲೊಂದು ಕರುಳು

ಜ್ವರಕ್ಕೆಂದು ನಾವು ನುಂಗಿದ ಗುಳಿಗೆ ಹೊಟ್ಟೆಯಲ್ಲಿ ಕರಗಿದ ಮಾತ್ರಕ್ಕೆ ಗುಣ ಕೊಡದು. ಅದು ಕರುಳಿನ ಒಳಗೋಡೆಯನ್ನು ದಾಟಿ ರಕ್ತವನ್ನು ಸೇರಬೇಕು. ದಾಟುವುದೋ ಇಲ್ಲವೋ ಎಂಬುದನ್ನು ರೋಗಿಗೆ ಕೊಡುವ ಮೊದಲೇ ತಿಳಿಯುವುದು ಹೇಗೆ?

ಪ್ರಯೋಗಶಾಲೆಯ ತಟ್ಟೆಯಲ್ಲಿ ಜೀವಕೋಶಗಳನ್ನು ಬೆಳೆಸಬಹುದು. ಆದರೆ ಕರುಳಿನ ಕೋಶಕ್ಕೆ ಎರಡು ಮುಖಗಳುಂಟು: ಒಂದು ಆಹಾರದ ಕಡೆಗೆ, ಇನ್ನೊಂದು ರಕ್ತದ ಕಡೆಗೆ. ಗಟ್ಟಿ ತಳದ ತಟ್ಟೆಯಲ್ಲಿ ಕೆಳಮುಖಕ್ಕೆ ನೇರವಾಗಿ ಪೋಷಕದ್ರವ ದೊರೆಯದು. ದಾಟಿಬಂದ ಔಷಧವನ್ನು ಹಿಡಿಯಲು ಎಡೆಯೂ ಇರದು.

ಈ ತೊಡಕನ್ನು ಬಿಡಿಸಿದುದು ಜರಡಿಯಂಥ ತಳವುಳ್ಳ ಪುಟ್ಟ ಬಟ್ಟಲು. ಅದರ ತಳವೇ ತೆಳುವಾದ ಪ್ಲಾಸ್ಟಿಕ್ ಪೊರೆ. ಅದರಲ್ಲಿ 0.4 ಮೈಕ್ರಾನ್, ಅಂದರೆ ಮಿಲಿಮೀಟರಿನ 2,500ರಲ್ಲೊಂದು ಪಾಲಿನಷ್ಟು ಅಗಲದ ರಂಧ್ರಗಳು. ಔಷಧದ ಅಣು ಅವುಗಳಲ್ಲಿ ನುಸುಳುವುದು, ಕೋಶ ನುಸುಳದು. ಬಟ್ಟಲನ್ನು ದ್ರವವಿರುವ ದೊಡ್ಡ ಗುಳಿಯೊಳಗೆ ಇಳಿಬಿಟ್ಟರೆ ಮೇಲೊಂದು, ಕೆಳಗೊಂದು ಮನೆಯಾಗುತ್ತದೆ.

ಪೊರೆಯ ಉಪಯೋಗ ಹಳೆಯದೇ. 1953ರಲ್ಲಿ ಅಮೆರಿಕದ ಕ್ಲಿಫರ್ಡ್ ಗ್ರಾಬ್‌ಸ್ಟೈನ್ ಇಲಿಯ ಭ್ರೂಣದ ಎರಡು ಅಂಗಾಂಶಗಳ ನಡುವೆ ಸೋಸುವ ಪೊರೆಯನ್ನಿಟ್ಟರು. ಬೇರ್ಪಟ್ಟರೂ ಒಂದು ಇನ್ನೊಂದರ ಬೆಳವಣಿಗೆಯನ್ನು ಪ್ರೇರಿಸಿತು.

ಕರುಳಿನ ಪರೀಕ್ಷೆಗೆ ಬಳಸುವ ಕಾಕೋ-2 ಕೋಶಗಳು ಮಾನವನ ದೊಡ್ಡ ಕರುಳಿನ ಕ್ಯಾನ್ಸರ್ ಗೆಡ್ಡೆಯಿಂದ ಬಂದವು. ಪೊರೆಯ ಮೇಲೆ ಸುಮಾರು 21 ದಿನ ಪೋಷಿಸಿದರೆ ಅವು ಒತ್ತೊತ್ತಾಗಿ ಬೆಸೆದುಕೊಂಡು, ಸಣ್ಣ ಕರುಳಿನಲ್ಲಿರುವಂಥ ಸೂಕ್ಷ್ಮ ಕುಚ್ಚುಗಳನ್ನು ಮೇಲ್ಮುಖದಲ್ಲಿ ಬಿಡುತ್ತವೆ. ಈ ಗೋಡೆಯಲ್ಲಿ ಬಿರುಕಿದೆಯೇ ಎಂಬುದನ್ನು ವಿದ್ಯುತ್ ನಿರೋಧವನ್ನಳೆದು ಅರಿಯುತ್ತಾರೆ. ಬಳಿಕ ಮೇಲ್ಮನೆಗೆ ಔಷಧವನ್ನು ಹಾಕಿ, ಕೆಳಮನೆಗೆ ಎಷ್ಟು ಇಳಿಯಿತೆಂದು ಅಳೆಯುತ್ತಾರೆ.

ಈ ಕರುಳಿಗೆ ರಕ್ತಸಂಚಾರವಿಲ್ಲ, ಲೋಳೆಯ ಹೊದಿಕೆಯಿಲ್ಲ. ಆದ್ದರಿಂದ ಅದರ ತೀರ್ಪೇ ಕೊನೆಯದಲ್ಲ. ಆದರೂ ಕರುಳನ್ನು ದಾಟಲಾರದ ಔಷಧವನ್ನು, ರೋಗಿಯ ನಾಲಿಗೆಯನ್ನು ತಲುಪುವ ಮುನ್ನವೇ ಗುರುತಿಸಲು ಈ ಪುಟ್ಟ ಬಟ್ಟಲು ನೆರವಾಗುತ್ತದೆ.