ಮಾತ್ರೆ ನಿಂತ ಮನೆಯಲ್ಲಿ ಮುಂದೇನು?

ಸ್ಕಿಜೋಫ್ರೇನಿಯಾದ ಮಾತ್ರೆ ಬಿಟ್ಟ ಮರುದಿನ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಕೆಲವರಿಗೆ ಮೊದಮೊದಲು ಹಿತವೇ ಎನಿಸುತ್ತದೆ. ತೂಕಡಿಕೆ ಇಳಿಯುತ್ತದೆ, ಕೈನಡುಕ ಕಡಿಮೆಯಾಗುತ್ತದೆ, ಮುಖಕ್ಕೆ ಕಳೆ ಬರುತ್ತದೆ. 'ಬಿಟ್ಟಮೇಲೇ ಚೆನ್ನಾಗಿದಾನೆ' ಎಂದು ಮನೆಯವರೂ ನಂಬುತ್ತಾರೆ. ಕಾಯಿಲೆ ಮರುಕಳಿಸುವುದು ಎಷ್ಟೋ ಸಲ ವಾರಗಳೋ ತಿಂಗಳುಗಳೋ ಕಳೆದ ಮೇಲೆ. ಅಷ್ಟರಲ್ಲಿ ಎರಡಕ್ಕೂ ಇರುವ ನಂಟು ಯಾರಿಗೂ ಕಾಣುವುದಿಲ್ಲ. ನ್ಯೂಯಾರ್ಕಿನ ಗ್ಲೆನ್ ಓಕ್ಸ್‌ನಲ್ಲಿರುವ ಹಿಲ್‌ಸೈಡ್ ಆಸ್ಪತ್ರೆಯ ಸಂಶೋಧಕರು, ಮೊದಲ ಸಲ ಕಾಯಿಲೆ ಬಂದು ಗುಣಮುಖರಾದವರ ಮುಂದಿನ ವರ್ಷಗಳನ್ನು ಗಮನಿಸಿ 1999ರಲ್ಲಿ ವರದಿ ಪ್ರಕಟಿಸಿದರು. ಔಷಧ ನಿಲ್ಲಿಸಿದರೆ ಮರುಕಳಿಸುವ ಅಪಾಯ ಹೆಚ್ಚುಕಡಿಮೆ ಐದು ಪಟ್ಟು ಎಂಬುದು ಅವರಿಗೆ ಕಂಡದ್ದು.

ಅದೇ ವರ್ಷ ಜನವರಿ 3ರಂದು ಮ್ಯಾನ್‌ಹಟನ್‌ನ 23ನೇ ಬೀದಿಯ ಸಬ್‌ವೇ ನಿಲ್ದಾಣದಲ್ಲಿ ಕೆಂಡ್ರಾ ವೆಬ್‌ಡೇಲ್ ಎಂಬ 32 ವರ್ಷದ ಹೆಣ್ಣುಮಗಳನ್ನು ಆಂಡ್ರೂ ಗೋಲ್ಡ್‌ಸ್ಟೀನ್ ಬರುತ್ತಿದ್ದ ರೈಲಿನ ಮುಂದಕ್ಕೆ ತಳ್ಳಿದ. ಅವನಿಗೆ ಸ್ಕಿಜೋಫ್ರೇನಿಯಾ ಇತ್ತು, ಔಷಧ ನಿಂತಿತ್ತು. ಆದರೆ ಅವನು ಚಿಕಿತ್ಸೆಗೆ ಬೆನ್ನು ತಿರುಗಿಸಿದವನಷ್ಟೇ ಅಲ್ಲ, ತಾನಾಗಿಯೇ ಮತ್ತೆ ಮತ್ತೆ ಆಸ್ಪತ್ರೆಯ ಬಾಗಿಲು ತಟ್ಟಿದವನೂ ಹೌದು. ಈ ಅರ್ಧ ಕತೆಯನ್ನು ಬಿಟ್ಟು ಹೇಳುವುದು ಅನ್ಯಾಯ. ಇಲ್ಲೊಂದು ಮಾತು ಸೇರಿಸಲೇಬೇಕು: ಮಾನಸಿಕ ಕಾಯಿಲೆ ಇರುವ ಬಹುಪಾಲು ಜನ ಯಾರಿಗೂ ಕೈ ಎತ್ತುವವರಲ್ಲ.

ಆ ಸಾವಿನಿಂದ ಹುಟ್ಟಿದ್ದು ನ್ಯೂಯಾರ್ಕಿನ 'ಕೆಂಡ್ರಾ ಕಾನೂನು'. 18 ದಾಟಿದ, ಚಿಕಿತ್ಸೆ ಬಿಟ್ಟು ಮೂರು ವರ್ಷದಲ್ಲಿ ಕನಿಷ್ಠ ಎರಡು ಸಲ ಆಸ್ಪತ್ರೆ ಸೇರಿದ, ಅಥವಾ ನಾಲ್ಕು ವರ್ಷದೊಳಗೆ ಗಂಭೀರ ಹಿಂಸೆಗೆ ಇಳಿದ ವ್ಯಕ್ತಿಗೆ, ಮನೆಯಲ್ಲೇ ಇದ್ದುಕೊಂಡು ಚಿಕಿತ್ಸೆ ಪಡೆಯುವಂತೆ ಕೋರ್ಟು ಆದೇಶಿಸಬಹುದು. ಅಪ್ಪ, ಅಮ್ಮ, ಗಂಡ, ಹೆಂಡತಿ, ವಯಸ್ಕ ಮಕ್ಕಳು, ಒಡಹುಟ್ಟಿದವರು, ಜೊತೆಗೆ ವಾಸಿಸುವವರೂ ಅರ್ಜಿ ಹಾಕಬಹುದು. ಈ ಆದೇಶದಿಂದ ಯಾರೂ ಬಲವಂತವಾಗಿ ಮಾತ್ರೆ ನುಂಗಿಸಲಾರರು. ತಪ್ಪಿಸಿಕೊಂಡವರನ್ನು 72 ಗಂಟೆಯವರೆಗೆ ಆಸ್ಪತ್ರೆಯಲ್ಲಿಟ್ಟು ಪರೀಕ್ಷಿಸಬಹುದು, ಅಷ್ಟೇ. ನನ್ನ ದೃಷ್ಟಿಯಲ್ಲಿ ಇದರ ನಿಜವಾದ ಬಲ ಬೇರೆ ಕಡೆ ಇದೆ. ಆದೇಶದ ಜೊತೆಗೆ ರೋಗಿಯ ಬೆನ್ನಿಗೆ ನಿಲ್ಲುವ ಒಬ್ಬ ಕೇಸ್ ಮ್ಯಾನೇಜರನ್ನೂ ವ್ಯವಸ್ಥೆ ಒದಗಿಸಲೇಬೇಕು.

ನ್ಯೂಜೆರ್ಸಿ ಇಂಥದೇ ಕಾನೂನನ್ನು 2009ರಲ್ಲಿ ತಂದಿತು. ಎಡಿಸನ್, ಜೆರ್ಸಿ ಸಿಟಿಯ ನಮ್ಮ ಮನೆಗಳವರಿಗೆ ಅದಕ್ಕಿಂತ ಮೊದಲು ಗೊತ್ತಿರಬೇಕಾದದ್ದು ಪ್ರತಿ ಕೌಂಟಿಗೂ ಇರುವ, ಹಗಲೂ ರಾತ್ರಿ ತೆರೆದಿರುವ ಸ್ಕ್ರೀನಿಂಗ್ ಸೆಂಟರ್. ರೋಗಿ ಬರಲು ಒಪ್ಪದಿದ್ದರೆ ಅಲ್ಲಿಯ ಸಿಬ್ಬಂದಿ ಮನೆಗೇ ಬಂದು ನೋಡುವ ಏರ್ಪಾಡೂ ಇದೆ.

ಕೋರ್ಟಿನವರೆಗೆ ಹೋಗುವ ಪ್ರಸಂಗ ಬರುವುದು ಕೆಲವರಿಗೆ ಮಾತ್ರ. ಉಳಿದವರಲ್ಲಿ ಮಾತ್ರೆ ಏಕೆ ನಿಂತಿತೆಂದು ಹುಡುಕಬೇಕು. 'ನನಗೇನೂ ಆಗಿಲ್ಲ' ಎನ್ನುವುದು ಎಷ್ಟೋ ಸಲ ಹಟವಲ್ಲ, ಕಾಯಿಲೆಯದೇ ಲಕ್ಷಣ, ವಾದಿಸಿ ಗೆಲ್ಲಲಾಗದು. ಕೆಲವರು ತೂಕ ಏರಿತೆಂದು ಬಿಡುತ್ತಾರೆ, ಕೆಲವರು ಲೈಂಗಿಕ ತೊಂದರೆಯನ್ನು ಹೇಳಿಕೊಳ್ಳಲಾಗದೆ. ಗಂಡು-ಹೆಣ್ಣು ನೋಡುವ ಕಾಲಕ್ಕೆ ಹಿರಿಯರೇ ಡಬ್ಬಿ ಬಚ್ಚಿಡುವ ಮನೆಗಳೂ ಇವೆ. ಇದು ದೊಡ್ಡ ಅಪಾಯ. 'ಮಾತ್ರೆ ತಗೊಂಡ್ಯಾ?' ಎಂದು ದಿನಾ ಪಹರೆ ಕಾಯುವುದಕ್ಕಿಂತ 'ಇದರಿಂದ ನಿಂಗೆ ಏನು ಕಷ್ಟ ಆಗ್ತಿದೆ, ಮಗಾ?' ಎಂದು ಕೇಳಿದರೆ ಕಾರಣ ಹೊರಬರುವ ಸಾಧ್ಯತೆ ಹೆಚ್ಚು. ಆಮೇಲೆ ಡೋಸ್ ಇಳಿಸಬಹುದು, ಔಷಧ ಬದಲಿಸಬಹುದು, ದಿನದ ಮಾತ್ರೆಯ ಬದಲು ತಿಂಗಳಿಗೊಮ್ಮೆ ಕೊಡುವ ಇಂಜೆಕ್ಷನ್ ಕೇಳಬಹುದು. ಪಾಲಿಪೆರಿಡೋನ್‌ನ ಒಂದು ಬಗೆಯನ್ನು ಆರು ತಿಂಗಳಿಗೊಮ್ಮೆ ಕೊಟ್ಟರೂ ಸಾಕು.

ಮಾತ್ರೆ ತಪ್ಪದೆ ನುಂಗಿಯೂ ಕೆಲಸ ಮಾಡದಿರುವುದುಂಟು. ಲುರಾಸಿಡೋನ್ ಕನಿಷ್ಠ 350 ಕ್ಯಾಲರಿಯ ಆಹಾರದ ಜೊತೆ ಹೋಗಬೇಕು. ಬರೀ ಕಾಫಿ ಕುಡಿದು ನುಂಗಿದರೆ ಮೈಗೆ ಸರಿಯಾಗಿ ಹತ್ತುವುದಿಲ್ಲ. ಲಿಥಿಯಂ ತೆಗೆದುಕೊಳ್ಳುವವರು ನೀರೂ ಮುಟ್ಟದೆ ಏಕಾದಶಿ ಮಾಡಿದರೆ ರಕ್ತದಲ್ಲಿ ಅದರ ಮಟ್ಟ ಅಪಾಯಕ್ಕೇರಬಹುದು. ಕ್ಲೋಜಪಿನ್ 48 ಗಂಟೆಗಿಂತ ಹೆಚ್ಚು ತಪ್ಪಿದರೆ ಹಳೆಯ ಡೋಸಿನಿಂದಲೇ ಮತ್ತೆ ಶುರು ಮಾಡಬಾರದು, ಡಾಕ್ಟರಿಗೆ ಫೋನ್ ಮಾಡಬೇಕು.

ಮಾತ್ರೆ ನಿಲ್ಲಲು ಇನ್ನೊಂದು ಕಾರಣ ವಿಮೆ. ಅಪ್ಪನ ಎಚ್-1ಬಿ ಕೆಲಸ ಹೋದರೆ ವಿಮೆಯೂ ಹೋಗುತ್ತದೆ, ರೀಫಿಲ್ ನಿಲ್ಲುತ್ತದೆ. ಮಕ್ಕಳಿಗೆ 26 ತುಂಬಿದಾಗಲೂ ಹೀಗೇ ಆಗುವುದು, ಅದೂ ಈ ಕಾಯಿಲೆಗಳು ತಲೆಯೆತ್ತುವ ವಯಸ್ಸಿಗೆ ಹತ್ತಿರದಲ್ಲೇ. ನ್ಯೂಯಾರ್ಕಿನಲ್ಲಿ ಮನೋವಿಕಾರ ಶುರುವಾಗಿ ಎರಡು ವರ್ಷ ದಾಟದ, 16ರಿಂದ 30ರೊಳಗಿನವರಿಗೆ 'ಆನ್‌ಟ್ರ್ಯಾಕ್ ಎನ್‌ವೈ' ಇದೆ. ವಿಮೆ ಇಲ್ಲವೆಂದು ಅಲ್ಲಿ ಹಿಂದಕ್ಕೆ ಕಳಿಸುವುದಿಲ್ಲ. ನ್ಯೂಜೆರ್ಸಿಯಲ್ಲಿ ದಕ್ಷಿಣ ಏಷ್ಯಾದ ಕುಟುಂಬಗಳಿಗೆಂದೇ ದುಡಿಯುವ 'ಸಮ್‌ಹಿನ್' ಸಂಸ್ಥೆ ನಮ್ಮ ಮನೆಗಳ ರೀತಿ ಬಲ್ಲ ವೈದ್ಯರನ್ನು ಹುಡುಕಲು ನೆರವಾಗುತ್ತದೆ.

18 ತುಂಬಿದ ಮಗನ ವಿಷಯವನ್ನು ಡಾಕ್ಟರು ಅವನ ಒಪ್ಪಿಗೆಯಿಲ್ಲದೆ ಹೇಳಲು ಹಿಂಜರಿಯುತ್ತಾರೆ. ಆದರೆ ನೀವು ಹೇಳುವುದನ್ನು ಅವರು ಕೇಳಿಸಿಕೊಳ್ಳಲು ಯಾವ ಕಾನೂನೂ ಅಡ್ಡಿಯಲ್ಲ. ಯಾವ ದಿನದಿಂದ ನಿದ್ದೆ ಕೆಟ್ಟಿತು, ಏನು ಮಾತಾಡುತ್ತಿದ್ದಾನೆ ಎಂದು ಬರೆದು ಕಳಿಸಿ. ಅವನು ಚೆನ್ನಾಗಿರುವಾಗಲೇ ಒಪ್ಪಿಗೆ ಪತ್ರಕ್ಕೆ ಸಹಿ ಕೇಳಿ. ಬಿಕ್ಕಟ್ಟಿನಲ್ಲಿ 988ಕ್ಕೆ ಕರೆ ಮಾಡಬಹುದು. ಪ್ರಾಣಾಪಾಯವಿದ್ದು 911ಕ್ಕೇ ಮಾಡಬೇಕಾಗಿ ಬಂದರೆ, ಇದು ಮಾನಸಿಕ ಕಾಯಿಲೆ, ಇದಕ್ಕೆ ತರಬೇತಾದ ಅಧಿಕಾರಿ ಬೇಕು ಎಂಬುದನ್ನು ಮೊದಲ ಮಾತಿನಲ್ಲೇ ಹೇಳಿ. ಅವನ ಕೈಯಲ್ಲಿ ಆಯುಧ ಇಲ್ಲದಿದ್ದರೆ ಅದನ್ನೂ ಹೇಳಿ.