ಕೋಶದ ಕತ್ತರಿಗೂ ವೈರಸ್ ಕೈ ಹಾಕುತ್ತದೆಯೇ?

ಪ್ರಶ್ನೆ: ವೈರಸ್ ಹೊಕ್ಕಾಗ ಜೀವಕೋಶದ ಆರ್‌ಎನ್‌ಎ ಜೋಡಣೆಯೂ ಕೆಡುತ್ತದೆ ಎನ್ನುತ್ತಾರೆ. ನಿಜವೇ?

ಉತ್ತರ: ನಿಜ. ನಮ್ಮ ಬಹುತೇಕ ಜೀನ್‌ಗಳ ಆರ್‌ಎನ್‌ಎ ಪ್ರತಿಯಲ್ಲಿ ಪ್ರೋಟೀನ್ ತಯಾರಿಕೆಗೆ ಬೇಡವಾದ ಇಂಟ್ರಾನ್ ಎಂಬ ತುಣುಕುಗಳಿರುತ್ತವೆ. ಸ್ಪ್ಲೈಸಿಯೋಸೋಮ್ ಎಂಬ ಕೋಶದ ಯಂತ್ರ ಅವನ್ನು ಕತ್ತರಿಸಿ ತೆಗೆದು, ಉಳಿದ ಭಾಗಗಳನ್ನು ಜೋಡಿಸುತ್ತದೆ. ಇದನ್ನೇ ಸ್ಪ್ಲೈಸಿಂಗ್ ಎನ್ನುವುದು. ಎಲ್ಲಿ ಕತ್ತರಿಸಬೇಕೆಂದು ಗುರುತಿಸುವುದು ಯು1, ಯು2 ಎಂಬ ಚಿಕ್ಕ ಆರ್‌ಎನ್‌ಎಗಳು. ಕೋವಿಡ್ ವೈರಸ್ಸಿನ ಎನ್‌ಎಸ್‌ಪಿ16 ಪ್ರೋಟೀನ್ ಸರಿಯಾಗಿ ಅವುಗಳ ಗುರುತಿಸುವ ಭಾಗಕ್ಕೇ ಅಂಟಿಕೊಳ್ಳುತ್ತದೆ ಎಂದು 2020ರಲ್ಲಿ ತಿಳಿದುಬಂತು. ಆಗ ಜೋಡಣೆ ಕುಂದುತ್ತದೆ; ವೈರಸ್ ವಿರುದ್ಧ ಕೋಶ ಹೂಡುವ ಇಂಟರ್‌ಫೆರಾನ್ ಪ್ರತಿರೋಧವೂ ಕುಗ್ಗುತ್ತದೆ. ಕೋವಿಡ್ ವೈರಸ್ ಮಾತ್ರ, ಸ್ಪ್ಲೈಸಿಂಗ್ ನಡೆಯುವ ಕೋಶಕೇಂದ್ರದಲ್ಲಲ್ಲ, ಕೋಶದ್ರವದಲ್ಲೇ ವೃದ್ಧಿಯಾಗುವುದರಿಂದ, ಅದಕ್ಕೆ ಈ ಜೋಡಣೆಯ ಹಂಗಿಲ್ಲ.

ಹರ್ಪಿಸ್ ಸಿಂಪ್ಲೆಕ್ಸ್ ವೈರಸ್ಸಿನ ಐಸಿಪಿ27 ಪ್ರೋಟೀನ್ ಕೂಡ ಸ್ಪ್ಲೈಸಿಂಗ್‌ಗೆ ಅಡ್ಡಿಪಡಿಸುತ್ತದೆ. ಈ ವೈರಸ್ಸಿನ ಹೆಚ್ಚಿನ ಜೀನ್‌ಗಳಲ್ಲಿ ಇಂಟ್ರಾನ್‌ಗಳೇ ಇಲ್ಲ, ಹಾಗಾಗಿ ಅದಕ್ಕೆ ನಷ್ಟ ಕಡಿಮೆ. ನನಗೆ ಹೆಚ್ಚು ಕುತೂಹಲಕಾರಿ ಎನಿಸುವುದು ಇನ್‌ಫ್ಲುಯೆಂಜಾ: ಅದರ ಎಂ2 ಪ್ರೋಟೀನ್ ತಯಾರಾಗಲು ನಮ್ಮ ಸ್ಪ್ಲೈಸಿಂಗ್ ವ್ಯವಸ್ಥೆಯೇ ಬೇಕು. ಹಾಗಾಗಿ ಆ ವ್ಯವಸ್ಥೆಯನ್ನು ಪೂರ್ತಿ ಕೆಡಿಸಿದರೆ ವೈರಸ್ಸಿಗೇ ಪೆಟ್ಟು.

ಅಂದಹಾಗೆ, ಸ್ಪ್ಲೈಸಿಂಗ್ ಮೊದಲು ಪತ್ತೆಯಾದದ್ದೂ ಅಡಿನೋವೈರಸ್ಸಿನಲ್ಲೇ, 1977ರಲ್ಲಿ. ಅದಕ್ಕಾಗಿ ಫಿಲಿಪ್ ಶಾರ್ಪ್ ಮತ್ತು ರಿಚರ್ಡ್ ರಾಬರ್ಟ್ಸ್ 1993ರಲ್ಲಿ ನೊಬೆಲ್ ಪಡೆದರು.